ಪ್ಲಿಕರ್ಸ್ ಕಾರ್ಡು: ಏಳನೇ ತರಗತಿಯಲ್ಲಿ ಒಂದು ವರ್ಷ ಬಳಸಿದ ಮೇಲೆ

ಶಿರಾ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏಳನೇ ತರಗತಿಯ ಹಾಜರಿಯಲ್ಲಿ 34 ಮಕ್ಕಳು. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವಿನ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ) ಮಾಡಿ ಅಂಕ ತುಂಬುತ್ತೇವೆ. ಆದರೆ ಪಾಠ ನಡೆಯುತ್ತಿರುವಾಗಲೇ ಯಾರ ತಲೆಗೆ ಏನು ಹತ್ತಿಲ್ಲ ಅಂತ ತಿಳಿದು ನಾಳೆಯ ಪಾಠ ಬದಲಿಸಿದರೆ ಮಾತ್ರ ಅದು ನಿಜವಾದ ರೂಪಣಾತ್ಮಕ ಮೌಲ್ಯಮಾಪನ. ಅದಕ್ಕೇ ಪ್ಲಿಕರ್ಸ್ ಹಿಡಿದೆ; ಮಕ್ಕಳು ಎತ್ತಿದ ಕಾರ್ಡಿನಿಂದ ಉತ್ತರ ಓದಿಕೊಳ್ಳುವ ಮೊಬೈಲ್ ಆ್ಯಪ್ ಇದು.

ಮಕ್ಕಳಿಗೆ ಮೊಬೈಲ್ ಬೇಕಿಲ್ಲ. ಒಬ್ಬೊಬ್ಬರಿಗೂ ಒಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು ಚೌಕಗಳ ಗುರುತು, ನಾಲ್ಕು ಅಂಚಿಗೆ ಎ, ಬಿ, ಸಿ, ಡಿ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ಎತ್ತಿ ಹಿಡಿಯುತ್ತದೆ, ನಾನು ಫೋನಿನ ಕ್ಯಾಮೆರಾ ತೋರಿಸುತ್ತಾ ಹೋಗುತ್ತೇನೆ. ಯಾರು ಏನು ಹೇಳಿದರು ಅಂತ ಆಗಲೇ ಪರದೆಯ ಮೇಲೆ ಬರುತ್ತದೆ. ಒಂದೊಂದು ಕಾರ್ಡಿನ ಗುರುತೂ ಬೇರೆ, ಅಕ್ಷರಗಳೂ ಚಿಕ್ಕವು; ಪಕ್ಕದವರದು ನೋಡಿ ಎತ್ತುವುದು ಕಷ್ಟ. ಕಾರ್ಡುಗಳನ್ನು ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು. ಮಕ್ಕಳ ಹೆಸರು ಹಾಕಿಲ್ಲ, ಹಾಜರಿ ಸಂಖ್ಯೆಯನ್ನಷ್ಟೇ ಕೊಟ್ಟಿದ್ದೇನೆ.

ಒಂದು ಎಚ್ಚರಿಕೆ: ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಕ್ಕೆ ಗುರುತು ಸಿಗುವುದಿಲ್ಲ. ನಾನು ಎರಡನೇ ಸಲ ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಅಂಟಿಸಿದೆ, ಇವತ್ತಿಗೂ ಗಟ್ಟಿಯಾಗಿವೆ. ಗುರುತಿನ ಮೇಲೆ ಬೆರಳಿಡಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಇನ್ನು ಪ್ರಶ್ನೆಯ ವಿಷಯ. ದಶಮಾಂಶಗಳನ್ನು ಹೋಲಿಸುವುದು ಆ ವಾರದ ಕಲಿಕಾ ಫಲ, ಅಂದರೆ ಪಾಠ ಮುಗಿಯುವಾಗ ಮಕ್ಕಳಿಗೆ ಬರಬೇಕಾದದ್ದು. 0.5, 0.45, 0.309, ಇವುಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದೆ. ಬಂದಿದ್ದ 31 ಮಕ್ಕಳಲ್ಲಿ 19 ಜನ 0.5 ಅಂದರು. ಖುಷಿಯಾಗಿ ಮುಂದಿನ ಪಾಠಕ್ಕೆ ಹೊರಟಿದ್ದೆ. ಯಾಕೋ ಒಬ್ಬಳನ್ನು ಕಾರಣ ಕೇಳಿದೆ. "ಮಿಸ್, ಸಾವಿರದಲ್ಲಿ ಒಂದು ಪಾಲು ಅಂದ್ರೆ ಚಿಕ್ಕ ಚೂರಲ್ವಾ? ಚುಕ್ಕಿ ಆದ್ಮೇಲೆ ಅಂಕಿ ಕಮ್ಮಿ ಇದ್ರೆ ಅದೇ ದೊಡ್ಡದು" ಅಂದಳು. ಉತ್ತರ ಸರಿ, ಯೋಚನೆ ತಪ್ಪು. ನನ್ನ ಪ್ರಶ್ನೆ ಆ ತಪ್ಪನ್ನು ಮುಚ್ಚಿಟ್ಟಿತ್ತು.

ಮರುದಿನ ಆಯ್ಕೆಗಳನ್ನು ಬದಲಿಸಿದೆ: 0.4, 0.62, 0.385, ನಾಲ್ಕನೆಯದು "ಇನ್ನೂ ಗೊತ್ತಾಗಿಲ್ಲ". ಈಗ ಸ್ಥಾನಬೆಲೆ ತಿಳಿದವರು ಮಾತ್ರ 0.62 ಅನ್ನುತ್ತಾರೆ. 385 ದೊಡ್ಡ ಸಂಖ್ಯೆ ಅಂತ ಓದುವವರು 0.385ಕ್ಕೆ ಹೋಗುತ್ತಾರೆ, ಆ ಹುಡುಗಿಯ ಹಾಗೆ ಯೋಚಿಸುವವರು 0.4ಕ್ಕೆ. ಅದೇ 31 ಮಕ್ಕಳಲ್ಲಿ 12 ಜನ 0.62, 11 ಜನ 0.385, ಆರು ಜನ 0.4, ಇಬ್ಬರು ಗೊತ್ತಾಗಿಲ್ಲ. ಎರಡು ಬೇರೆ ಬೇರೆ ತಪ್ಪು ತಿಳಿವಳಿಕೆ, ಯಾರಲ್ಲಿ ಯಾವುದು ಎಂಬುದು ಎರಡು ನಿಮಿಷದಲ್ಲಿ ಕೈಗೆ ಸಿಕ್ಕಿತು. ನೆಲದ ಮೇಲೆ ಒಂದು ಮೀಟರ್ ಗೆರೆ ಎಳೆಸಿ 40 ಸೆಂಟಿಮೀಟರ್, 62 ಸೆಂಟಿಮೀಟರ್, 38.5 ಸೆಂಟಿಮೀಟರ್ ಗುರುತು ಹಾಕಿಸಿದೆ. ಆಮೇಲೆ 0.7, 0.83, 0.529 ಕೇಳಿದಾಗ 24 ಜನ ಸರಿ ಹೇಳಿದರು. ಉಳಿದ ಏಳು ಮಕ್ಕಳನ್ನು ಮಾರನೆಯ ದಿನ ಗೆರೆಯ ಹತ್ತಿರ ಮತ್ತೆ ಕೂರಿಸಿಕೊಂಡೆ.

ಕಾರಣ ವಿವರಿಸುವುದು, ಸ್ಕೇಲ್ ಹಿಡಿದು ಅಳೆಯುವುದು, ಕೋನ ರಚಿಸುವುದು ಕಲಿಕಾ ಫಲವಾಗಿದ್ದರೆ ಈ ಕಾರ್ಡು ಬೇಡ. ಅಲ್ಲಿ ಸ್ಲೇಟೇ ಸರಿ, ಮಗುವಿನ ಕೈ ನೋಡಬೇಕು. ನಾನು ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಎರಡು ಮೂರು ಪ್ರಶ್ನೆ ಮಾತ್ರ ಇಟ್ಟುಕೊಂಡಿದ್ದೇನೆ, ಇದರ ಅಂಕ ಎಲ್ಲಿಯೂ ಬರೆಯುವುದಿಲ್ಲ. ಅದಕ್ಕೋ ಏನೋ, "ಇನ್ನೂ ಗೊತ್ತಾಗಿಲ್ಲ" ಅಂತ ಕಾರ್ಡು ತಿರುಗಿಸಲು ಮಕ್ಕಳು ಈಗ ಹೆದರುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಾರ್ಡು ಮುದ್ರಿಸಲು ಅರ್ಧ ಗಂಟೆ ಸಾಕು. ಒಂದು ಒಳ್ಳೆಯ ಪ್ರಶ್ನೆಗೆ ಒಂದು ಸಂಜೆ ಎತ್ತಿಡಿ.