ಎಸಳು ಒಣಗಿಸಲು ನೆರಳೋ, ಸಿಲಿಕಾ ಜೆಲ್ಲೋ?

ಹೂವಿನ ಎಸಳುಗಳನ್ನು ಮನೆಯಲ್ಲೇ ಒಣಗಿಸಿಡಬೇಕೆನ್ನುವವರು ಅವು ಪರಿಮಳಕ್ಕೋ ಅಲಂಕಾರಕ್ಕೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಗಾಳಿಯಾಡುವ ನೆರಳಿನಲ್ಲಿ, ಹತ್ತಿಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿದರೆ ಅವು ಖರ್ಚಿಲ್ಲದೆ 1ರಿಂದ 2 ವಾರಗಳಲ್ಲಿ ಒಣಗುತ್ತವೆ. ಆದರೆ ಅಂಚುಗಳು ಸುರುಟಿಕೊಳ್ಳುತ್ತವೆ, ಕೆಂಗುಲಾಬಿಯ ಎಸಳಂತೂ ಬಹುತೇಕ ಕಪ್ಪಗಾಗುತ್ತದೆ. ಸಿಲಿಕಾ ಜೆಲ್‌ನ ಸಣ್ಣ ಹರಳುಗಳಲ್ಲಿ ಹುದುಗಿಸಿ ಡಬ್ಬಿಯ ಮುಚ್ಚಳ ಬಿಗಿದರೆ, ಹರಳುಗಳು ತೇವವನ್ನು ಬೇಗನೆ ಹೀರಿಕೊಳ್ಳುವುದರಿಂದ, ಕೆಲವೇ ದಿನಗಳಲ್ಲಿ ಎಸಳು ಒಣಗಿ, ಆಕಾರವೂ ಬಣ್ಣವೂ ಹೆಚ್ಚು ಕೆಡದೆ ಉಳಿಯುತ್ತವೆ. ಹರಳುಗಳನ್ನು ಬಿಸಿಮಾಡಿ ಮತ್ತೆ ಬಳಸಬಹುದು, ಅವುಗಳ ದೂಳು ಮಾತ್ರ ಉಸಿರಿಗೆ ಸೇರಬಾರದು. ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಸಳುಗಳನ್ನು ಚಹಾಕ್ಕೆ ಹಾಕಲೇಬಾರದು. ಚಪ್ಪಟೆ ಎಸಳು ಸಾಕೆನ್ನುವವರಿಗೆ ದಪ್ಪ ಪುಸ್ತಕವೇ ಸಾಕು. ನನ್ನ ಆಯ್ಕೆ ನೆರಳು. ವಿಧಾನ ಯಾವುದಾದರೂ, ಬೆರಳಲ್ಲಿ ಹಿಡಿದ ಎಸಳು ಬಾಗದೆ ಗರಿಗರಿಯಾಗಿ ಮುರಿದ ಮೇಲಷ್ಟೇ ಗಾಜಿನ ಭರಣಿಗೆ ತುಂಬಬೇಕು. ತುಸು ತೇವ ಉಳಿದಿದ್ದರೂ ಬೂಷ್ಟು ಹಿಡಿಯುತ್ತದೆ.