ನಾಲ್ಕು ವರ್ಷ ಬಳಸಿದ ಮೇಲೆ: ಇಎಲ್84 ವಾಲ್ವ್ ಆಂಪ್ಲಿಫೈಯರ್ ಕಿಟ್, ನಮ್ಮನೆ 240 ವೋಲ್ಟ್‌ನಲ್ಲಿ

2021ರ ಮಳೆಗಾಲದಲ್ಲಿ ಈ ಕಿಟ್ ತರಿಸಿದೆ. ಹಳೇ ರೇಡಿಯೊಗಳ ಹಾಗೆ ಗಾಜಿನ ವಾಲ್ವ್‌ಗಳಿಂದ ಹಾಡುವ ಆಂಪ್ಲಿಫೈಯರ್, ಬಿಡಿ ಭಾಗಗಳನ್ನು ನಾವೇ ಜೋಡಿಸಿಕೊಳ್ಳಬೇಕು. ಚೀನಾದಿಂದ ಬಂದದ್ದು. ಇದೇ ಸರ್ಕ್ಯೂಟ್ ಆನ್‌ಲೈನ್‌ನಲ್ಲಿ ಹತ್ತಾರು ಅಂಗಡಿಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಹಾಗಾಗಿ ಮಾರಿದವರ ಹೆಸರು ಹೇಳಿ ಪ್ರಯೋಜನವಿಲ್ಲ, ವಾಲ್ವ್ ನಂಬರ್ ನೋಡಿದರೆ ನೀವೇ ಗುರುತು ಹಿಡಿಯುತ್ತೀರಿ. ದನಿಯನ್ನು ಮೊದಲು ಹಿಗ್ಗಿಸಲು ಮುಂದೆ ಒಂದು 6ಎನ್2, ಅದರ ಹಿಂದೆ ಸ್ಪೀಕರ್ ಓಡಿಸಲು ಎರಡು 6ಪಿ14. ನಮ್ಮ ಹಳೇ ರೇಡಿಯೊಗಳಲ್ಲಿ ಇರುತ್ತಿದ್ದ ಇಎಲ್84ಕ್ಕೆ ಚೀನಾದವರು ಇಟ್ಟ ಹೆಸರೇ 6ಪಿ14. ಒಂದೊಂದು ಚಾನೆಲ್‌ಗೆ ಒಂದೇ ಔಟ್‌ಪುಟ್ ವಾಲ್ವ್, ಅಂದರೆ ಸಿಂಗಲ್ ಎಂಡೆಡ್. ಪವರ್ ಸುಮಾರು 3 ವಾಟ್. ಸುಂಕ, ಕೊರಿಯರ್ ಎಲ್ಲಾ ಸೇರಿ 16,000 ರೂಪಾಯಿ ಆಯಿತು. ಅಲ್ಲಿಂದ ಇಲ್ಲಿವರೆಗೆ ದಿನಾ ಹೆಚ್ಚು ಕಡಿಮೆ ಎರಡು ಗಂಟೆ ಹಾಡು ಕೇಳಿದ್ದೇನೆ.

ಚೆನ್ನಾಗಿದೆಯಾ ಅಂತ ಕೇಳಿದರೆ, ತುಂಬಾ ಚೆನ್ನಾಗಿದೆ. ಆದರೆ ಅವರು ಕೊಟ್ಟ ಹಾಗೇ ಜೋಡಿಸಿ ಬಿಟ್ಟರೆ ಇದು ನಮ್ಮ ಮನೆಗಳಿಗೆ ಹೊಂದುವ ವಸ್ತು ಅಲ್ಲ. ಅಲ್ಲಿನ ಕರೆಂಟು 220 ವೋಲ್ಟ್. ನಮ್ಮನೆ ಪ್ಲಗ್‌ನಲ್ಲಿ ರಾತ್ರಿ ಹೊತ್ತು ಮೀಟರ್ ಇಟ್ಟರೆ 240. ಈ ವಿಮರ್ಶೆಯಲ್ಲಿ ಜಾಸ್ತಿ ಜಾಗ ಆ 20 ವೋಲ್ಟ್‌ಗೇ ಹೋಗುತ್ತದೆ.

ಜೋಡಿಸುವ ಕೆಲಸ ಕಷ್ಟ ಇರಲಿಲ್ಲ. ಚಾಸಿಗೆ, ಅಂದರೆ ಭಾಗಗಳನ್ನು ಕೂರಿಸುವ ಲೋಹದ ಪೆಟ್ಟಿಗೆಗೆ, ತೂತು ಕೊರೆದೇ ಬಂದಿತ್ತು, ಟ್ರಾನ್ಸ್‌ಫಾರ್ಮರ್‌ಗಳು ಒಳ್ಳೆ ತೂಕದವು. ಒಂದು ಹಾಳೆಯಲ್ಲಿ ಸರ್ಕ್ಯೂಟ್, ಪಕ್ಕದಲ್ಲಿ ಚೀನೀ ಅಕ್ಷರ. ಸರ್ಕ್ಯೂಟ್ ಓದಲು ಬರುವವರಿಗೆ ಅಷ್ಟು ಸಾಕು. ಐದು ಭಾನುವಾರ ಹಿಡಿಯಿತು. ಕಿಟ್ ಜೊತೆ ಬಂದ ಸೋಲ್ಡರ್ ಸರಿಯಾಗಿ ಹರಿಯುತ್ತಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಳ್ಳೆಯ 60/40 ಸೋಲ್ಡರ್ ತಂದುಕೊಂಡೆ.

ಎರಡು ವಿಷಯ ನೋಡಿ ಮಾತ್ರ ಎದೆ ಧಸಕ್ಕೆಂದಿತು. ಮೊದಲನೆಯದು, ಕಿಟ್‌ನಲ್ಲಿದ್ದ ಪವರ್ ಕಾರ್ಡ್‌ಗೆ ಎರಡೇ ಪಿನ್. ಅರ್ತ್ ಇಲ್ಲ! ಪೂರ್ತಿ ಲೋಹದ ಚಾಸಿ, ಒಳಗೆ 300 ವೋಲ್ಟ್ ಡಿಸಿ, ಅರ್ತ್ ಇಲ್ಲದಿದ್ದರೆ ಹೇಗೆ? ಮೂರು ಪಿನ್ನಿನ ಸಾಕೆಟ್ ಹಾಕಿದೆ. ಚಾಸಿಯ ಪೇಂಟ್ ಒಂದು ಕಡೆ ಬೆಳ್ಳಗೆ ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಕೊಟ್ಟು ಅರ್ತ್ ತಂತಿ ಬಿಗಿ ಮಾಡಿದೆ. ಈ ಕೆಲಸ ಮಾಡದೆ ಪ್ಲಗ್ ಹಾಕಲೇಬೇಡಿ.

ಎರಡನೆಯದು ಮೊದಲ ಟೆಸ್ಟಿನಲ್ಲಿ ಗೊತ್ತಾಯಿತು. ವಾಲ್ವ್ ಹಾಕದೆ ಬರೀ ಪವರ್ ಸಪ್ಲೈ ನೋಡೋಣ ಅಂತ ಆನ್ ಮಾಡಿದೆ. ಮೀಟರ್ 345 ವೋಲ್ಟ್ ತೋರಿಸಿತು. ಆಫ್ ಮಾಡಿ, ಪ್ಲಗ್ ಕಿತ್ತು, ಕಾಫಿ ಕುಡಿದು ಹತ್ತು ನಿಮಿಷ ಬಿಟ್ಟು ಬಂದೆ. ಯಾಕೋ ಅನುಮಾನ ಬಂದು ಮತ್ತೆ ಮೀಟರ್ ಇಟ್ಟೆ. ಇನ್ನೂ 200ರ ಮೇಲಿತ್ತು! ಚಾರ್ಜ್ ಹಿಡಿದಿಡುವ ಕೆಪಾಸಿಟರನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರನ್ನೇ ಕೊಟ್ಟಿರಲಿಲ್ಲ. ವಾಲ್ವ್ ಇದ್ದಾಗ ಅವೇ ಆ ಚಾರ್ಜನ್ನು ಕುಡಿದುಬಿಡುತ್ತವೆ. ಇಲ್ಲದಿದ್ದಾಗ ಅದು ಅಲ್ಲೇ ಕಾಯುತ್ತಾ ಕೂತಿರುತ್ತದೆ. ಅವತ್ತೇ 100 ಕಿಲೋಓಮ್, 3 ವಾಟ್‌ನ ಒಂದು ರೆಸಿಸ್ಟರನ್ನು ಕೆಪಾಸಿಟರ್‌ಗೆ ಅಡ್ಡಲಾಗಿ ಹಾಕಿದೆ. ಈಗ ಒಂದೂವರೆ ನಿಮಿಷದಲ್ಲಿ 30 ವೋಲ್ಟ್‌ಗಿಂತ ಕೆಳಗೆ ಬರುತ್ತದೆ. ಆದರೂ ಮೀಟರ್ ಇಡದೆ ನಾನು ಒಳಗೆ ಕೈ ಹಾಕುವುದಿಲ್ಲ.

ನಮ್ಮ ದೊಡ್ಡಪ್ಪ ತುಮಕೂರಿನಲ್ಲಿ ಮೂವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವರು. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರು ಮೊದಲು ಕೇಳಿದ್ದು, "ಎಡಗೈ ಎಲ್ಲಿಟ್ಟಿದ್ದೆ?" ಅಂತ. "ಆನ್ ಇರೋವಾಗ ಒಂದು ಕೈ ಜೇಬಲ್ಲೇ ಇರ್ಬೇಕು ಕಣೋ. ಎರಡೂ ಕೈ ಒಳಗೆ ಹೋದ್ರೆ ಕರೆಂಟು ಎದೆ ಮೇಲೇ ಹಾದು ಹೋಗುತ್ತೆ." ಅವತ್ತಿಂದ ಹಾಗೇ ಮಾಡುತ್ತಿದ್ದೇನೆ.

ಈಗ ಆ 20 ವೋಲ್ಟ್ ವಿಷಯ. ವಾಲ್ವ್ ಹಾಕಿ ಓಡಿಸಿದ ಮೊದಲ ವಾರ ಎಲ್ಲಾ ಸರಿ ಇದೆ ಅಂತಲೇ ಅಂದುಕೊಂಡಿದ್ದೆ. ಒಂದು ರಾತ್ರಿ ರೂಮಿನ ಲೈಟ್ ಆರಿಸಿ ಕೇಳುತ್ತಾ ಕೂತಿದ್ದಾಗ ಎಡಗಡೆ ವಾಲ್ವ್ ಕಡೆ ಕಣ್ಣು ಹೋಯಿತು. ಒಳಗಿನ ಬೂದು ಬಣ್ಣದ ತಗಡಿನ ಅಂಚಿನಲ್ಲಿ, ಬೆಸೆದ ಗೆರೆಯ ಉದ್ದಕ್ಕೂ, ಮಂದವಾದ ಕೆಂಪು. ವಾಲ್ವನ್ನು ಒಳಗಿಂದ ಕಾಯಿಸುವ ತಂತಿ, ಅಂದರೆ ಹೀಟರ್, ಅದರ ಹೊಳಪು ಕಿತ್ತಳೆ ಇರುತ್ತದೆ, ಮಧ್ಯದಲ್ಲಿ ಇರುತ್ತದೆ. ಇದು ಬೇರೆ, ಒಲೆಯ ಮೇಲೆ ಮರೆತ ಹೆಂಚಿನ ಕೆಂಪು. ಎಲೆಕ್ಟ್ರಾನ್‌ಗಳು ಬಂದು ಬೀಳುವ ಆನೋಡ್ ತಗಡೇ ಕಾಯುತ್ತಿತ್ತು. ತಕ್ಷಣ ಆಫ್ ಮಾಡಿದೆ.

ಮರುದಿನ ಅಳೆದು ಲೆಕ್ಕ ಹಾಕಿದೆ. ಆನೋಡಿನಲ್ಲಿ 285 ವೋಲ್ಟ್. ಎಲೆಕ್ಟ್ರಾನ್‌ಗಳು ಹೊರಡುವ ಕಡೆ ಕ್ಯಾಥೋಡ್. ಅದರ ರೆಸಿಸ್ಟರ್ 150 ಓಮ್, ಅದರ ಮೇಲೆ 8.5 ವೋಲ್ಟ್. ಭಾಗಿಸಿದರೆ ಸುಮಾರು 57 ಮಿಲಿಆಂಪ್. ಅದರಲ್ಲಿ ನಡುವಿನ ಜಾಲರಿಯ, ಅಂದರೆ ಸ್ಕ್ರೀನ್ ಗ್ರಿಡ್‌ನ, ಪಾಲು ಆರರ ಹತ್ತಿರ. 285ರಲ್ಲಿ ಆ 8.5 ಕಳೆದರೆ 276 ವೋಲ್ಟ್. ಉಳಿದ 51ನ್ನು ಅದಕ್ಕೆ ಗುಣಿಸಿದರೆ 14 ವಾಟ್. ಇಎಲ್84 ಆನೋಡ್ ತಡೆದುಕೊಳ್ಳುವುದು 12 ವಾಟ್. 220 ವೋಲ್ಟ್ ಇರುವ ಊರಿನಲ್ಲಿ ಇದೇ ಸರ್ಕ್ಯೂಟ್ ಮಿತಿಯೊಳಗೇ ಇರುತ್ತಿತ್ತು.

ಪರಿಹಾರಕ್ಕೆ ಆದ ಖರ್ಚು ಬರೀ ಹತ್ತಿಪ್ಪತ್ತು ರೂಪಾಯಿ. 150 ಓಮ್ ತೆಗೆದು 220 ಓಮ್, 5 ವಾಟ್ ಹಾಕಿದೆ. ಈಗ ಕ್ಯಾಥೋಡ್‌ನಲ್ಲಿ 9.6 ವೋಲ್ಟ್, ಕರೆಂಟ್ 44 ಮಿಲಿಆಂಪ್, ಆನೋಡ್ ಮೇಲೆ 11 ವಾಟ್. ಕತ್ತಲಲ್ಲಿ ಎಷ್ಟು ಹೊತ್ತು ನೋಡಿದರೂ ಕೆಂಪಿಲ್ಲ. ಇಡೀ ಆಂಪ್ಲಿಫೈಯರ್‌ನಲ್ಲಿ ನಾನು ಮಾಡಿದ ಅತಿ ಮುಖ್ಯವಾದ ಬದಲಾವಣೆ ಇದೇ.

ಹೀಟರ್ ಕೂಡ ಹಾಗೇ. 6.3 ವೋಲ್ಟ್ ಇರಬೇಕಾದಲ್ಲಿ 6.9 ಇತ್ತು. ಹಾಗೇ ಬಿಟ್ಟರೂ ಹಾಡುತ್ತದೆ, ಆದರೆ ವಾಲ್ವ್ ಆಯುಸ್ಸು ಕಡಿಮೆಯಾಗುತ್ತದೆ. ಮೂರೂ ವಾಲ್ವ್ ಸೇರಿ 1.86 ಆಂಪ್ ಎಳೆಯುತ್ತವೆ. ಎರಡೂ ತಂತಿಯಲ್ಲಿ 0.15 ಓಮ್‌ನ ಒಂದೊಂದು ವೈರ್‌ವೌಂಡ್ ರೆಸಿಸ್ಟರ್ ಸೇರಿಸಿದೆ. 6.3ಕ್ಕೆ ಬಂದು ನಿಂತಿತು.

ಮುಂದಿನ ತಲೆನೋವು ಗುಂಯ್ ಸದ್ದು. ಹಾಡು ನಿಂತಾಗ ಸ್ಪೀಕರ್‌ನಿಂದ ಎರಡು ಅಡಿ ದೂರಕ್ಕೂ ಕೇಳುತ್ತಿತ್ತು. ಹೀಟರ್ ತಂತಿಗಳನ್ನು ಬಿಚ್ಚಿ, ಜಡೆ ಹೆಣೆದ ಹಾಗೆ ಬಿಗಿಯಾಗಿ ಹೊಸೆದು, ಚಾಸಿಯ ಮೂಲೆಗೆ ಒತ್ತಿ ಎಳೆದೆ. ಅರ್ಧ ಹೋಯಿತು. ಟ್ರಾನ್ಸ್‌ಫಾರ್ಮರ್‌ನ ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್, ಅಂದರೆ ಸರಿ ಮಧ್ಯದಿಂದ ತೆಗೆದ ತಂತಿ, ಇರಲಿಲ್ಲ. ಎರಡೂ ತುದಿಯಿಂದ 100 ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿ, ಅವು ಸೇರುವ ಜಾಗವನ್ನು ಗ್ರೌಂಡ್‌ಗೆ ಕೊಡುವ ಬದಲು ಇಎಲ್84ರ ಕ್ಯಾಥೋಡ್‌ಗೆ ಕೊಟ್ಟೆ. ಅಲ್ಲಿನ 9.6 ವೋಲ್ಟ್ ಹೀಟರನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಹೀಟರ್‌ನಿಂದ ಕ್ಯಾಥೋಡ್‌ಗೆ ಸದ್ದು ಸೋರುವುದು ನಿಲ್ಲುತ್ತದೆ. ಈಗ ಕಿವಿಯನ್ನು ಸ್ಪೀಕರ್‌ಗೆ ತಾಗಿಸಿದರೆ ಮಾತ್ರ ಕೇಳಬಹುದು.

ವಾಲ್ಯೂಮ್ ಕಂಟ್ರೋಲ್ ಎರಡನೇ ವರ್ಷ ಕರಕರ ಅನ್ನಲು ಶುರು ಮಾಡಿತು, ಸಣ್ಣ ದನಿಯಲ್ಲಿ ಬಲಗಡೆ ಜಾಸ್ತಿ ಕೇಳುತ್ತಿತ್ತು. ಆಲ್ಪ್ಸ್ ಕಂಪನಿಯದು ಹಾಕಿದೆ, ಸರಿಹೋಯಿತು. ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ದನಿ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಬದಲಿಸಿ ಅಂತ ತುಂಬಾ ಜನ ಹೇಳುತ್ತಾರೆ. ಬದಲಿಸಿದೆ. ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆ ದುಡ್ಡಿಗೆ ಒಳ್ಳೆಯ ಮಲ್ಟಿಮೀಟರ್ ತಗೊಳ್ಳಿ.

2023ರಲ್ಲಿ ದೊಡ್ಡಪ್ಪ ಮನೆ ಖಾಲಿ ಮಾಡುವಾಗ ಒಂದು ಹಳೇ ಬಿಸ್ಕತ್ ಡಬ್ಬಿ ಕೊಟ್ಟರು. ಒಳಗೆ ಪೇಪರ್ ಸುತ್ತಿದ ವಾಲ್ವ್‌ಗಳು. ನಾಲ್ಕು ಇಎಲ್84, ಒಂದು ಇಸಿಸಿ83. ಇಎಲ್84ರ ಗಾಜಿನ ಮೇಲೆ ಬಿಇಎಲ್ ಅಂತ ಮುದ್ರೆ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್! 1954ರಲ್ಲಿ ಶುರುವಾದ ಆ ಸಂಸ್ಥೆ 1961ರಿಂದ ರೇಡಿಯೊ ವಾಲ್ವ್ ಮಾಡುತ್ತಿತ್ತು. ಆ ಮುದ್ರೆ ಉಗುರು ತಾಗಿದರೂ ಅಳಿಸಿಹೋಗುತ್ತದೆ, ಹಾಗಾಗಿ ಬುಡ ಹಿಡಿದೇ ಎತ್ತುತ್ತೇನೆ. ಎರಡನ್ನು ಹಾಕಿ ಮೀಟರ್ ಇಟ್ಟೆ. ಒಂದರ ಕ್ಯಾಥೋಡ್‌ನಲ್ಲಿ 9.5 ವೋಲ್ಟ್, ಇನ್ನೊಂದರಲ್ಲಿ 9.7. ಡಬ್ಬಿಯಲ್ಲಿ ಅಷ್ಟು ವರ್ಷ ಮಲಗಿದ್ದ ವಾಲ್ವ್‌ಗಳು ಹೊಸದರ ಹಾಗೆ ಎದ್ದು ನಿಂತವು. ಜಾಲಹಳ್ಳಿಯಲ್ಲಿ ಕೂತು ಅವನ್ನು ಜೋಡಿಸಿದ ಕೈಗಳು ಯಾರದೋ, ಅವರಿಗೊಂದು ದೊಡ್ಡ ನಮಸ್ಕಾರ. ಅವತ್ತಿಂದ ಚೀನಾದ ಜೋಡಿ ಡಬ್ಬಿಯಲ್ಲಿದೆ.

ಅದೇ ಖುಷಿಯಲ್ಲಿ ಇಸಿಸಿ83ನ್ನೂ 6ಎನ್2 ಜಾಗಕ್ಕೆ ಚುಚ್ಚಿದೆ. ಎರಡೂ ಒಂದೇ ಥರದ ವಾಲ್ವ್, ಕಾಲುಗಳೂ ಒಂಬತ್ತೇ. ಆದರೆ ಹೀಟರ್ ಮಂಕಾಗಿ ಮಿಣುಕಿತು, ದನಿ ಒಡೆದು ಬಂತು. 6ಎನ್2ರಲ್ಲಿ 4 ಮತ್ತು 5ನೇ ಪಿನ್ ನಡುವೆ 6.3 ವೋಲ್ಟ್ ಬೇಕು, 9ನೇ ಪಿನ್ ಬರೀ ಶೀಲ್ಡ್. ಇಸಿಸಿ83ರಲ್ಲಿ 4 ಮತ್ತು 5 ಸೇರಿಸಿ ಒಂದು ತಂತಿ, 9ಕ್ಕೆ ಇನ್ನೊಂದು ಕೊಡಬೇಕು. ಎರಡು ತಂತಿ ಬದಲಿಸಿದ ಮೇಲೆ ಸರಿಯಾಯಿತು. ಹೀಗೆ ಬದಲಿಸಿದ ಸಾಕೆಟ್‌ಗೆ ಮತ್ತೆ 6ಎನ್2 ಹಾಕಬಾರದು. ನಾನು ಚಾಸಿಯ ಮೇಲೆ ಮಾರ್ಕರ್‌ನಲ್ಲಿ ಬರೆದೇ ಇಟ್ಟಿದ್ದೇನೆ.

ಕೊನೆಯ ದೊಡ್ಡ ಬದಲಾವಣೆ ಫೀಡ್‌ಬ್ಯಾಕ್, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಮತ್ತೆ ಮೊದಲ ವಾಲ್ವ್‌ಗೆ ತಂದು ದನಿಯ ತಪ್ಪು ತಿದ್ದುವುದು. ಕಿಟ್‌ನಲ್ಲಿ ಅದು ಇರಲಿಲ್ಲ, ಮೃದಂಗದ ಎಡಗಡೆ ಏಟು ಊದಿಕೊಂಡು ಸಡಿಲವಾಗಿ ಕೇಳುತ್ತಿತ್ತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಕಡೆಯಿಂದ ಒಂದು ರೆಸಿಸ್ಟರ್ ಮೂಲಕ ಮೊದಲ ವಾಲ್ವ್‌ನ ಕ್ಯಾಥೋಡ್‌ಗೆ ತಂತಿ ತಂದೆ. ಆನ್ ಮಾಡಿದ ಕೂಡಲೇ ಮನೆಯವರೆಲ್ಲ ಓಡಿ ಬರುವ ಹಾಗೆ ಸ್ಪೀಕರ್ ಕಿರುಚಿತು. ತಂತಿ ತಿರುಗಾಮುರುಗಾ ಆಗಿತ್ತು. ಟ್ರಾನ್ಸ್‌ಫಾರ್ಮರ್‌ನ ಆ ಕಡೆಯ ಎರಡು ತುದಿ ಅದಲು ಬದಲು ಮಾಡಿದೆ, ಕಿರುಚಾಟ ನಿಂತಿತು. ಪ್ರಯೋಗಕ್ಕೆ ಒಂದು ಹಳೇ ಸ್ಪೀಕರ್ ಇಟ್ಟುಕೊಳ್ಳಿ, ಒಳ್ಳೆಯದನ್ನು ಆಮೇಲೆ ಜೋಡಿಸಿ. ಫೀಡ್‌ಬ್ಯಾಕ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಿಸಿದ್ದೇನೆ. ಜಾಸ್ತಿ ಕೊಟ್ಟಾಗ ದನಿ ಬಿಗಿಯಾಯಿತು, ಆದರೆ ವೀಣೆಯ ಮೀಟು ಚಪ್ಪಟೆಯಾದಂತೆ ಅನಿಸಿತು.

ಈಗ ಹೇಗೆ ಕೇಳುತ್ತದೆ ಅಂದರೆ, ಮಲ್ಲಿಕಾರ್ಜುನ ಮನ್ಸೂರರ ಹಳೇ ಧ್ವನಿಮುದ್ರಣ ಹಾಕಿದಾಗ ತಂಬೂರಿಯ ನಾಲ್ಕು ತಂತಿ ಬಿಡಿಬಿಡಿಯಾಗಿ ಕೇಳುತ್ತದೆ, ಅವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಒಂದು ಮೀಟಿನ ನಾದ ಪೂರ್ತಿ ಆರುವವರೆಗೆ ಹಿಂಬಾಲಿಸಬಹುದು. ಈಗಿನ ಸಿನಿಮಾ ಹಾಡಿನ ಬೇಸ್ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. 3 ವಾಟ್‌ಗೆ ಸ್ಪೀಕರ್ ಕೂಡ ತಕ್ಕದ್ದಿರಬೇಕು. ಒಂದೇ ಪವರ್‌ಗೆ ಎಷ್ಟು ದನಿ ಕೊಡುತ್ತದೆ ಅನ್ನುವುದನ್ನು ಸ್ಪೀಕರ್‌ಗಳಿಗೆ ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ನನ್ನ ಮೊದಲ ಜೋಡಿ 86 ಡೆಸಿಬೆಲ್‌ನದ್ದು, ಉಸಿರು ಕಟ್ಟಿದ ಹಾಗಿತ್ತು. 93 ಡೆಸಿಬೆಲ್‌ನ ಜೋಡಿ ಬಂದ ಮೇಲೆ ಸಾಧಾರಣ ಹಾಲ್‌ಗೆ ಬೇಕಾದಷ್ಟು ದನಿ ಇದೆ.

ಕರೆಂಟ್ ಹೋದಾಗ ಓಡಿಸುವುದಿಲ್ಲ. ನಮ್ಮನೆ ಇನ್ವರ್ಟರ್ ಚೌಕ ಅಲೆಯದ್ದು, ಅದರ ಮೇಲೆ ಟ್ರಾನ್ಸ್‌ಫಾರ್ಮರೇ ಝೇಂಕರಿಸುತ್ತದೆ. ಕರೆಂಟ್ ಬಿಲ್‌ಗೆ ಹೆದರಬೇಕಿಲ್ಲ. ಸುಮಾರು 50 ವಾಟ್ ಎಳೆಯುತ್ತದೆ, ದಿನಕ್ಕೆ ಎರಡು ಗಂಟೆ ಅಂದರೆ ತಿಂಗಳಿಗೆ 3 ಯೂನಿಟ್.

ಹೊಸದಾಗಿ ತರಿಸುವವರು ದುಡ್ಡು ಕಟ್ಟುವ ಮೊದಲು ಮಾರುವವರಿಗೆ ಒಂದು ಪ್ರಶ್ನೆ ಬರೆದು ಕೇಳಿ: ಪವರ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ, ಅಂದರೆ ಮನೆ ಕರೆಂಟ್ ಸೇರುವ ಕಡೆ, 240 ವೋಲ್ಟ್‌ಗೆ ಬೇರೆ ತಂತಿ (ಟ್ಯಾಪ್) ಇದೆಯಾ? ಇದ್ದರೆ ಮೇಲೆ ಹೇಳಿದ್ದರಲ್ಲಿ ಅರ್ಧ ಕೆಲಸ ನಿಮಗಿಲ್ಲ. ಇಲ್ಲದಿದ್ದರೆ ಎರಡು 220 ಓಮ್ ರೆಸಿಸ್ಟರ್ ಮೊದಲೇ ತಂದಿಟ್ಟುಕೊಳ್ಳಿ.