ಟಾಮ್‌ಕ್ಯಾಟ್ ರಿಮೋಟ್ ಡಿಬಗ್ಗಿಂಗ್: ನೇರ ಪೋರ್ಟೋ, ಎಸ್‌ಎಸ್‌ಎಚ್ ಟನಲ್ಲೋ?

ವಿಜಯಪುರದ ಕಚೇರಿಯಿಂದ ಬೇರೆಡೆಯ ಟಾಮ್‌ಕ್ಯಾಟ್ (ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುವ ತಂತ್ರಾಂಶ) ಸರ್ವರನ್ನು ಡಿಬಗ್ ಮಾಡಲು, ಅಂದರೆ ಅಲ್ಲಿ ನಡೆಯುತ್ತಿರುವ ಕೋಡಿನ ದೋಷ ಹುಡುಕಲು, ಪೋರ್ಟನ್ನು (ಸಂಪರ್ಕದ ದ್ವಾರವನ್ನು) ನೇರವಾಗಿ ತೆರೆಯಬೇಕೇ, ಎಸ್‌ಎಸ್‌ಎಚ್ ಟನಲ್ (ಲಾಗಿನ್ ಆದ ಮೇಲಷ್ಟೇ ಸಿಗುವ ಗೂಢಲಿಪಿಯ ಸಂಪರ್ಕ) ಬಳಸಬೇಕೇ ಎಂದು ಕೇಳಿದ್ದೀರಿ.

ಸುಲಭತೆಯಲ್ಲಿ ಮೊದಲನೆಯದೇ ಮುಂದು: ಸರ್ವರನ್ನು ಡಿಬಗ್ಗಿಂಗ್‌ಗೆ ಅಣಿಗೊಳಿಸುವ ‘ಜೆಪಿಡಿಎ ಸ್ಟಾರ್ಟ್’ ಆದೇಶದಿಂದ ಆರಂಭಿಸಿ, ಡಿಬಗ್ಗಿಂಗ್ ವಿಳಾಸವನ್ನು ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳಿಗೂ ತೆರೆದರೆ ಎಕ್ಲಿಪ್ಸ್ (ಕೋಡ್ ಬರೆಯುವ, ಡಿಬಗ್ ಮಾಡುವ ತಂತ್ರಾಂಶ) ನೇರವಾಗಿ ಸಂಪರ್ಕ ಪಡೆಯುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ಸುರಕ್ಷತೆಯೇ ನಿರ್ಣಾಯಕ. ಡಿಬಗ್ಗಿಂಗ್‌ಗೆ ಬಳಕೆಯಾಗುವ ಜೆಡಿಡಬ್ಲ್ಯೂಪಿ ಪ್ರೋಟೊಕಾಲ್ ಪಾಸ್‌ವರ್ಡ್ ಕೇಳುವುದೇ ಇಲ್ಲವಾದ್ದರಿಂದ, ಆ ಪೋರ್ಟನ್ನು ತಲುಪಿದ ಯಾರೇ ಆದರೂ ಸರ್ವರ್‌ನಲ್ಲಿ ತಮಗೆ ಬೇಕಾದ ಕೋಡನ್ನು ನಡೆಸಬಲ್ಲರು. ಟನಲ್ ಬಳಸಿದಾಗ ಡಿಬಗ್ಗಿಂಗ್‌ನ 8000ನೇ ಪೋರ್ಟ್ ಲೋಕಲ್‌ಹೋಸ್ಟ್‌ಗೆ, ಅಂದರೆ ಆ ಸರ್ವರ್ ಯಂತ್ರಕ್ಕೆ ಮಾತ್ರ, ಸೀಮಿತವಾಗಿ ಉಳಿಯುತ್ತದೆ. ಹೊರಗಿನಿಂದ ಬರುವವರಿಗೆ ಎಸ್‌ಎಸ್‌ಎಚ್ ಲಾಗಿನ್ ಬೇಕೇ ಬೇಕು. ಹೆಚ್ಚುವರಿ ಶ್ರಮವೆಂದರೆ ಒಂದೇ ಆದೇಶ.

ಹೊರಜಾಲಕ್ಕೆ ತೆರೆದಿರದ ಟೆಸ್ಟ್ ಯಂತ್ರಕ್ಕೆ ನೇರ ಪೋರ್ಟ್ ಸಾಕು. ಕ್ಲೌಡ್‌ನಲ್ಲಿರುವುದಕ್ಕೆ ಟನಲ್ ಬಳಸಿ. ಜನ ಬಳಸುತ್ತಿರುವ ಸರ್ವರ್‌ನಲ್ಲಿ ಬ್ರೇಕ್‌ಪಾಯಿಂಟ್ (ಕೋಡ್ ತಲುಪಿದಾಗ ನಿಲ್ಲುವ ಗುರುತು) ಇಟ್ಟರೆ ಅವರ ಕೆಲಸವೇ ಅರ್ಧಕ್ಕೆ ನಿಲ್ಲುವುದರಿಂದ, ಅಲ್ಲಿ ಎರಡನ್ನೂ ಬಿಟ್ಟು ಲಾಗ್‌ಗಳನ್ನೇ ವಿವರವಾಗಿ ಬರೆಸಿ.